ಸ್ಪ್ಯಾನರ್ ಅಕ್ಕನ ಎರಡು ಸೀಟಿನ ಸಂಸಾರ

ಬೆಳಗಿನ ಐದು ಗಂಟೆ. ಶೆಡ್ಡಿನಲ್ಲಿ ನಿಂತಿರುವ ಕೆಂಪು ಕಾರಿನ ಅಡಿಯಿಂದ ಎರಡು ಪಾದಗಳು ಹೊರಚಾಚಿವೆ. ಪಕ್ಕದಲ್ಲಿ ಆ ಪಾದಗಳ ಒಡತಿಯ ಯಜಮಾನರು, ಬಸ್ ಕಂಡಕ್ಟರು, ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತು ತೂಕಡಿಸುತ್ತಿದ್ದಾರೆ.

“ರೀ, ಬೆಳಕು ನನ್ನ ಮೂಗಿಗಲ್ಲ, ಬ್ರೇಕಿಗೆ ಬಿಡಿ!”

“ಎರಡೂ ಒಂದೇ ಥರ ಕರ್ರಗಿದೆ ಕಣೇ. ನನಗೇನು ಗೊತ್ತು?”

ಕಾರಿನಡಿ ಇರುವವರು ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸು. ಬೀದಿಗೆಲ್ಲ ‘ಸ್ಪ್ಯಾನರ್ ಅಕ್ಕ’. ಅಕ್ಕನಿಗೆ ನಲವತ್ತೇಳು, ಕಾರಿಗೆ ಮೂವತ್ತೆರಡು. ಹಗಲೆಲ್ಲ ಮನೆಮನೆ ಸುತ್ತಿ ಏಳೆಂಟು ಯಂತ್ರ ಬಿಚ್ಚಿ ಜೋಡಿಸುತ್ತಾರೆ. ಬೆಳಗ್ಗೆ ಎದ್ದ ಮೇಲಿನ ಒಂದೂವರೆ ಗಂಟೆ ಹೊತ್ತು ಮಾತ್ರ ಕಾರಿಗೆ. ಹೀಗೆ ಆರು ವರ್ಷ.

ಗುಜರಿಯಲ್ಲಿ ಇದನ್ನು ಮೊದಲು ಕಂಡಾಗ ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತಂತೆ. ಇರುವುದು ಎರಡೇ ಸೀಟು. ಮೇಲೆ ಮಡಚುವ ಬಟ್ಟೆಯ ಚಾವಣಿ. ಅದನ್ನು ಅಕ್ಕನೇ ಹೊಲಿದದ್ದು. ಮನೆಯಲ್ಲಿರುವುದು ಮೂವರು. ತನಗೆ ಜಾಗವೇ ಇಲ್ಲದ ಕಾರು ತಂದ ಸೊಸೆಯ ಮೇಲೆ ಅತ್ತೆಯ ಕೋಪ ಇವತ್ತಿಗೂ ಇಳಿದಿಲ್ಲ. “ಕಾರಂತೆ ಕಾರು! ನನ್ನ ಟ್ರಂಕಲ್ಲೇ ಇದಕ್ಕಿಂತ ಜಾಗ ಇದೆ,” ಎಂದು ದಿನಾ ಮೂಗು ಮುರಿಯುತ್ತಾರೆ.

ಒಂದು ಕಾರ್ಬ್ಯುರೇಟರಿಗಾಗಿ ಅಕ್ಕ ಹನ್ನೊಂದು ಅಂಗಡಿ ಅಲೆದಿದ್ದಾರೆ. ಹನ್ನೊಂದರಲ್ಲೂ ಸಿಕ್ಕಿದ್ದು ಒಂದೇ ಮಾತು: “ಯಜಮಾನ್ರನ್ನ ಕಳಿಸಮ್ಮ.” ಆ ಯಜಮಾನರಿಗೆ ಬಾನೆಟ್ ಎತ್ತಲೂ ಬರುವುದಿಲ್ಲ! ಈ ಅಂಗಡಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಈ ಎಂಜಿನ್ ಬಿಚ್ಚಿ ಜೋಡಿಸಿ ಎನ್ನಬೇಕು. ಅರ್ಧ ಜನ ಅಲ್ಲೇ ಅಂಗಡಿ ಮುಚ್ಚುತ್ತಾರೆ.

ಇವತ್ತು ಒಂಬತ್ತಕ್ಕೆ ಕಾರಿನ ತಪಾಸಣೆ. ಎರಡು ಸಲ ನಪಾಸಾಗಿದೆ: ಒಮ್ಮೆ ಹೊಗೆಗೆ, ಒಮ್ಮೆ ಬ್ರೇಕಿಗೆ. ಈ ಸಲವೂ ಕೈಕೊಟ್ಟರೆ, ಹೊತ್ತಿಗೆ ತಲುಪದಿದ್ದರೂ ಅಷ್ಟೇ, ನೋಂದಣಿ ರದ್ದು. ಕಾರು ಮತ್ತೆ ಗುಜರಿಗೆ.

ಅಕ್ಕನಿಗೆ ಭಯವಿಲ್ಲ. ಬ್ರೇಕು ಹೊಸದಾಗಿ ಕೂತಿದೆ. ಜೊತೆಗೆ ಹೋದ ವಾರ ಇನ್ನೊಂದು ಸುಧಾರಣೆಯನ್ನೂ ಮಾಡಿದ್ದಾರೆ. “ತಿರುವಲ್ಲಿ ದೋಣಿ ಥರ ವಾಲ್ತಿತ್ತು. ಸ್ಪ್ರಿಂಗುಗಳನ್ನ ಒಂದೊಂದು ಸುತ್ತು ಕತ್ತರಿಸಿ ಕಾರನ್ನ ತಗ್ಗಿಸಿದೀನಿ. ನೋಡ್ತಿರಿ, ಇನ್ಮೇಲೆ ನೆಲಕ್ಕೆ ಅಂಟ್ಕೊಳ್ಳುತ್ತೆ!”

ಅಂಟಿಕೊಳ್ಳುತ್ತದೆ. ಗೇಟಿನಲ್ಲೇ.

ಮಳೆನೀರು ಒಳಗೆ ಬಾರದಿರಲಿ ಎಂದು ಗೇಟಿನಡಿ ಒಂದು ಸಿಮೆಂಟ್ ದಿಬ್ಬ ಕಟ್ಟಿದ್ದಾರೆ. ಕಾರಿನ ಒಂದೊಂದು ನಟ್ಟನ್ನೂ ಅಳೆದ ಅಕ್ಕ ಆ ದಿಬ್ಬವನ್ನು ಅಳೆದಿಲ್ಲ. ಮುಂದಿನ ಚಕ್ರ ದಾಟುತ್ತದೆ, ಕರ್ರೆಂದು ಹೊಟ್ಟೆ ಕೂರುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಂಟೆ ಏಳೂಮುಕ್ಕಾಲು.

“ಏನಮ್ಮಾ, ಕಾರು ಕಾವಿಗೆ ಕೂತಿದ್ಯಾ?” ಎದುರುಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿಗೆ ಒರಗಿ ಕೇಳುತ್ತಾರೆ. ಕಂಡಕ್ಟರು “ರೈಟ್, ರೈಟ್!” ಎಂದು ಕಾರಿನ ಬೆನ್ನು ತಟ್ಟಿ ತಳ್ಳುತ್ತಾರೆ. ಬಸ್ಸಾದರೆ ಹೊರಡುತ್ತಿತ್ತು. ಅಕ್ಕನ ಮುಖ ಬಿಳುಚಿಕೊಂಡಿದೆ. “ಆರು ವರ್ಷ ರೀ… ಗೇಟ್ ದಾಟ್ಲಿಲ್ಲ ಅಂತ ಹೋಗ್ಬಿಡುತ್ತಲ್ರೀ.”

ಆಗ ಅತ್ತೆ ಹೊರಬರುತ್ತಾರೆ. ಸೊಂಟಕ್ಕೆ ಕೈಕೊಟ್ಟು ಎರಡು ಕ್ಷಣ ನೋಡುತ್ತಾರೆ. “ಕಾರು ತಗ್ಗಾದ್ರೆ ನೆಲ ಎತ್ತರ ಮಾಡ್ರೋ. ನನ್ನ ಮಂಚದ ಹಲಗೆ ತನ್ನಿ.”

“ಅಮ್ಮಾ, ಆಮೇಲೆ ನೀನೆಲ್ಲಿ ಮಲಗ್ತೀಯ?” ಎನ್ನುತ್ತಾರೆ ಮಗ.

“ಇದು ಗುಜರಿಗೆ ಹೋದ್ರೆ ಬೆಳಗೆದ್ದು ನಾನು ಏನನ್ನ ಬೈಲಿ? ತಗೊಂಡ್ಬಾರೋ!”

ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ಕೆಳಗೆ ಹಲಗೆ ತೂರಿಸುತ್ತಾರೆ. ಮೇಷ್ಟ್ರೂ ಪಂಚೆ ಎತ್ತಿಕಟ್ಟಿ ಬರಬೇಕಾಗುತ್ತದೆ. ಅತ್ತೆ ಕೂಗಿದರೆ ಬರದವರು ಆ ಬೀದಿಯಲ್ಲಿಲ್ಲ. ಎಂಟೂಇಪ್ಪತ್ತಕ್ಕೆ ಕಾರು ರಸ್ತೆಗೆ ಇಳಿಯುತ್ತದೆ.

ತಪಾಸಣೆ ಕೇಂದ್ರದ ಅಧಿಕಾರಿ ಹೊಗೆ ಅಳೆಯುತ್ತಾರೆ, ಬ್ರೇಕನ್ನು ಮೂರು ಸಲ ಒತ್ತಿ ನೋಡುತ್ತಾರೆ, ಕಾರನ್ನು ಮೇಲೆತ್ತಿಸಿ ಕೆಳಗೆಲ್ಲ ಕಣ್ಣಾಡಿಸುತ್ತಾರೆ. ಆಮೇಲೆ ಕಂಡಕ್ಟರ ಕಡೆ ತಿರುಗಿ, “ಹೊಟ್ಟೆ ಒಂದು ತರಚಿದೆ. ಮಿಕ್ಕಿದ್ದೆಲ್ಲ ಅಚ್ಚುಕಟ್ಟು. ಯಾವ ಗ್ಯಾರೇಜ್ರೀ?” ಎನ್ನುತ್ತಾರೆ.

“ನನ್ನನ್ನ ಕೇಳ್ಬೇಡಿ ಸಾರ್, ನಾನು ಟಿಕೆಟ್ ಹರಿಯೋನು. ಇವಳನ್ನ ಕೇಳಿ.”

ಅಧಿಕಾರಿ ಅಕ್ಕನನ್ನು ನೋಡುತ್ತಾರೆ. ಉಗುರಿನ ಸಂದಿಯ ಗ್ರೀಸನ್ನೂ ನೋಡುತ್ತಾರೆ. ‘ಪಾಸ್’ ಎಂದು ಗೀಚಿ ಕಾಗದವನ್ನು ಅಕ್ಕನ ಮುಂದೆ ಸರಿಸುತ್ತಾರೆ. ಅದರಲ್ಲಿ ‘ದುರಸ್ತಿ ಮಾಡಿದವರು’ ಎಂಬ ಒಂದು ಸಾಲು ಖಾಲಿ ಇದೆ. ಗ್ಯಾರೇಜಿನ ಹೆಸರಿಲ್ಲವೆಂದು ಹಿಂದಿನ ಎರಡು ಸಲವೂ ಕೇಂದ್ರದವರು ಅದನ್ನು ಖಾಲಿ ಬಿಟ್ಟಿದ್ದರಂತೆ.

ಅಕ್ಕ ಪೆನ್ನು ತೆಗೆದುಕೊಂಡು ಹೆಸರು ಬರೆಯುತ್ತಾರೆ. ದೊಡ್ಡ ದುಂಡಕ್ಷರ, ಗೆರೆ ಮುಗಿದು, ಅಂಚು ದಾಟಿ, ಪಕ್ಕದ ಅಂಕಣದೊಳಗೂ ನುಗ್ಗುತ್ತದೆ.

“ಸ್ವಲ್ಪ ಚಿಕ್ಕದಾಗಿ ಬರೀಬಾರ್ದೇನೇ?” ಗಂಡ ಪಿಸುಗುಡುತ್ತಾರೆ.

ಅಕ್ಕ ಪೆನ್ನಿನ ಮುಚ್ಚಳ ಹಾಕುತ್ತಾರೆ. “ಆರು ವರ್ಷದ ಕೆಲಸ ರೀ. ಅಷ್ಟು ಜಾಗ ಬೇಕಾಗುತ್ತೆ.”