ಮಾಸ್ತರರ ಧ್ವನಿಯಲ್ಲಿ ನಾನಾಡಿದ ಮಾತು

ಮಲ್ಲಪ್ಪ ಕಾಕಾನಿಗೆ "ಮಗನನ್ನು ಹಡಗಿಗೆ ಕಳಿಸು" ಎಂದು ಹೇಳಿದವರು ಮಾಸ್ತರರಲ್ಲ. ನಾನು. ಧ್ವನಿ ಅವರದಿತ್ತು, ಅಷ್ಟೇ — ಅದನ್ನು ನಾನು ಕದ್ದಿದ್ದೆ.

ಧ್ವನಿ ಕದಿಯುವುದು ನನಗೆ ಹೊಸದಲ್ಲ. ರಬಕವಿಯ ನಮ್ಮ ಓಣಿಯಲ್ಲಿ ನನ್ನ ಗಂಟಲಿಗೆ ಸಿಗದವರೇ ಇರಲಿಲ್ಲ. ಸೀರೆ ಕೊಳ್ಳಲು ಬರುವ ತೇರದಾಳದ ಸಾಹುಕಾರರ ಕೆಮ್ಮು, ಸಂಸ್ಥಾನದ ಸಿಪಾಯಿಯ ಗದರಿಕೆ, ನಮ್ಮವ್ವ ನನಗೇ ಹಾಕುವ ಬೈಗಳು — ಎಲ್ಲ ಬರುತ್ತಿದ್ದವು. ಬಾರದ್ದು ಮ್ಯಾಟ್ರಿಕ್ ಪರೀಕ್ಷೆಯ ಉತ್ತರಗಳು ಮಾತ್ರ. ನಪಾಸಾದ ದಿನ ಹೆಡ್‌ಮಾಸ್ತರರಂತೆ ಕನ್ನಡಕ ಏರಿಸಿ ಪಾಸಾದವರ ಹೆಸರು ಓದಿ, ನನ್ನ ಹೆಸರು ಬರಬೇಕಾದಲ್ಲಿ ಸೀನಿ ತೋರಿಸಿದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ಶಂಕರ ನಗಲಿಲ್ಲ.

ಶಂಕರ ಮಲ್ಲಪ್ಪ ಕಾಕಾನ ಮಗ. ಅವನು ಪಾಸಾಗಿದ್ದ, ಅದೂ ಮೇಲಿನ ದರ್ಜೆಯಲ್ಲಿ. ಲಡಾಯಿಯ ಕಾಲ, ಹಡಗಿನ ದಳಕ್ಕೆ ಭರ್ತಿ ಮಾಡಿಕೊಳ್ಳುವವರು ಜಮಖಂಡಿಗೆ ಬರುವವರಿದ್ದರು. ಕೂಡಿಯೇ ಹೋಗುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಪಾಸಾದ ಮೇಲೆ ಅವನು ತಡವರಿಸತೊಡಗಿದ.

"ಸಾಂಗಲಿ ಕಾಲೇಜಿನ್ಯಾಗ ಎರಡ ವರ್ಷ ಓದಿ ಹೋದ್ರ ಛಲೋ ಹುದ್ದೆ ಸಿಗತೈತಿ ಲೇ ಬಸ್ಯಾ. ಈಗ ಹೋದ್ರ ಹಡಗ ತಿಕ್ಕೂದ."

"ತಿಕ್ಕೂಣಂತ. ನಿಮ್ಮವ್ವ ಭಾಂಡೆ ತಿಕ್ಕೂದ ನೋಡಿಲ್ಲೇನು?" ಎಂದು ನಾನು ನಗೆಯಾಡಿದೆ.

ಒಳಗೆ ಮಾತ್ರ — ನಾಳೆ ಇವನು ಸಾಹೇಬನಾಗಿ ಬರುತ್ತಾನೆ, ನಾನು ಸಲಾಮು ಹೊಡೆಯಬೇಕು ಎಂದು... ಇಲ್ಲ, ಅದೂ ಪೂರ್ತಿ ಖರೆಯಲ್ಲ. ಒಬ್ಬನೇ ಹೋಗಲು ನನಗೆ ಹೆದರಿಕೆ. ಊರ ಮಂದಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನಿಗೆ ತಾನೊಬ್ಬನೇ ಆಗುವುದೆಂದರೆ ಮೈ ಬೆವರುತ್ತಿತ್ತು.

ಮಗನ ವಿಷಯದಲ್ಲಿ ಮಾಸ್ತರರು ಹೇಳಿದಂತೆ ಮಾಡುತ್ತೇನೆಂದು ಕಾಕಾ ಮೊದಲೇ ಹೇಳಿದ್ದ. ಶಂಕರನಿಗೆ ಅಕ್ಷರ ಕಲಿಸಿದವರು ಅವರು. ಓಣಿಯಲ್ಲಿ ಹಾಯುವಾಗ ಕಾಕಾನ ಬಾಗಿಲಲ್ಲಿ ನಿಂತು ಒಂದು ಮಾತಾಡಿಯೇ ಮುಂದೆ ಹೋಗುತ್ತಿದ್ದರು. ಕಾಕಾ ಕುಣಿಮಗ್ಗದ ನೇಕಾರ; ಪಕ್ಕದ ಇನ್ನೊಂದು ಕುಣಿಯಲ್ಲಿ ಸಂಜೆ ಹೊತ್ತು ಶಂಕರ ನೇಯುತ್ತಿದ್ದ. ಸೊಂಟದವರೆಗೆ ಕುಣಿಯಲ್ಲಿ ಇಳಿದು, ಬಾಗಿಲಿಗೆ ಬೆನ್ನು ಮಾಡಿ ಕೂತರೆ ಬಂದವರನ್ನು ತಿರುಗಿ ನೋಡುವ ರೂಢಿ ಇಲ್ಲ. ಕಣ್ಣು ಎಳೆಯ ಮೇಲೆ. ಧ್ವನಿ ಕೇಳಿಯೇ ಆಳು ಯಾರೆಂದು ತಿಳಿದು ಉತ್ತರ ಕೊಡುತ್ತಿದ್ದ.

ಆ ಬೆಳಿಗ್ಗೆ ನಾನು ಆ ಬಾಗಿಲಲ್ಲಿ ನಿಂತೆ. ಮಾಸ್ತರರು ಹಿಂದಿನ ದಿನವೇ ಸಾಲೆಯ ಸೂಟಿಗೆಂದು ಮಗಳ ಊರಿಗೆ ಹೋಗಿದ್ದರು. ಅದು ಕಾಕಾನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದ್ದರಿಂದ ಚೇಷ್ಟೆ ಎಂದು ಹೇಳಿಕೊಳ್ಳಲು ನನಗೆ ಜಾಗವಿಲ್ಲ. ಮಾಸ್ತರರ ನಸ್ಯ ಏರಿದ ಮೂಗಿನ ಧ್ವನಿಯಲ್ಲಿ, "ಮಲ್ಲಪ್ಪಾ, ನಡದೈತೇನಪಾ?" ಎಂದೆ.

ಲಾಳಿ ನಿಂತಿತು. ಬೆನ್ನು ತಿರುಗಲಿಲ್ಲ.

"ಬರ್ರಿ ಮಾಸ್ತರ್ರಿ. ಹುಡುಗನ್ನ ಮುಂದ ಓದಸಲ್ಯೋ, ಭರ್ತಿಗೆ ಕಳಸಲ್ಯೋ? ನನಗ ತಿಳೀವಲ್ತು."

ಅವನ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಆಗಲಾದರೂ ನಕ್ಕು ಓಡಿಹೋಗಬಹುದಿತ್ತು.

"ಕಳಸು ಮಲ್ಲಪ್ಪಾ. ಕಾಲೇಜು ಕಲಸೂದಕಿಂತ ಸಮುದ್ರ ಹೆಚ್ಚ ಕಲಸತೈತಿ."

"ಆತ್ರಿ" ಎಂದ ಕಾಕಾ. ಲಾಳಿ ಮತ್ತೆ ಓಡಿತು.

ಜಮಖಂಡಿಯಲ್ಲಿ ಶಂಕರ ಮೊದಲು ಒಳಗೆ ಹೋಗಿ ಸಹಿ ಮಾಡಿ ಬಂದ. ಆಮೇಲೆ ನಾನು. ಡಾಕ್ಟರ ಒಂದು ದೀಪ ತೋರಿಸಿದ, ಕೆಂಪು ಎಂದೆ. ಹಸಿರಂತೆ. ಇನ್ನೊಂದು ತೋರಿಸಿದ, ಅದೂ ತಪ್ಪು. ಬಣ್ಣದ ನೂಲಿನ ಓಣಿಯಲ್ಲಿ ಹುಟ್ಟಿ ಕೆಂಪು ಹಸಿರು ತಿಳಿಯದ ಪ್ರಾಣಿ! ನನ್ನನ್ನು ಹೊರಗೆ ಕಳಿಸಿದರು. ಡಾಕ್ಟರನ ಅಣಕು ಮಾಡಬೇಕೆಂದು ಬಾಯಿ ತೆರೆದೆ. ಶಂಕರನ ಮುಖ ಕಂಡು ಧ್ವನಿ ಹೊರಡಲಿಲ್ಲ.

ಲಾರಿ ಹತ್ತುವ ಮುಂಚೆ ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ಮಾಸ್ತರ ಊರಿಗೆ ಹೋಗೂ ಮುಂಚೆ ನನ್ನ ಕರದು ಹೇಳಿದ್ರು, ಮೊದಲ ಓದು ಅಂತ. ಮಾಸ್ತರ ಕಳಸು ಅಂದ್ರು ಅಂತ ಅಪ್ಪ ಹೇಳಿದ ಕೂಡಲೆ ನನಗ ತಿಳೀತು, ಇದು ನಿನ್ನ ಕೆಲಸ ಅಂತ."

"ಮತ್ತ ಯಾಕ..."

"ಒಬ್ಬನ ಹ್ವಾದ್ರ ನೀ ಅಂಜತಿ ಅಂತ ಬಂದೆ ಲೇ." ನಗಲು ನೋಡಿದ. "ಅಪ್ಪಗ ಹೇಳಬ್ಯಾಡ. ನಾ ಬಂದಮ್ಯಾಲ ಇಬ್ಬರೂ ಕೂಡಿ ಹೇಳೂಣು, ಬೈಗಳಾ ಅರ್ಧಾ ಅರ್ಧಾ."

ಸೂಟಿ ಮುಗಿಸಿ ಬಂದ ಮಾಸ್ತರರು, ಶಂಕರ ತನ್ನ ಹಟದಿಂದಲೇ ಹೋದನೆಂದು ತಿಳಿದು ಕಾಕಾನ ಮುಂದೆ ಆ ಮಾತು ಎತ್ತಲಿಲ್ಲ. ಮುಂಬಯಿಯಿಂದ ಕೆಲವು ಕಾಗದ ಬಂದವು. ಆಮೇಲೆ ಇಲ್ಲ. ಹಡಗಿನ ಸುದ್ದಿ ತಿಳಿದಿಲ್ಲವೆಂದು ಸರಕಾರದಿಂದ ಒಂದು ಓಲೆ ಬಂತು. ಲಡಾಯಿ ಮುಗಿಯಿತು. ಮುಧೋಳದ ಕಡೆಯವನೊಬ್ಬ ತಿರುಗಿ ಬಂದ, ಬೀಳಗಿಯವನೊಬ್ಬ ಬಂದ. ನಾನು ಪ್ರತಿ ಸಲ ಹೋಗಿ ಕೇಳಿ ಬಂದೆ. ಅವರು ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಕಾಕಾ ಮಾಸ್ತರರೊಡನೆ ಮಾತು ಬಿಟ್ಟ. "ಅಂವ ಹೇಳಿದ್ದಕ್ಕ ಕಳಿಸಿದೆ. ತನ್ನ ಮಗ ಆಗಿದ್ರ ಕಳಸತಿದ್ನೇನು?" ಎಂದು ಒಮ್ಮೆ ನನ್ನ ಮುಂದೆಯೇ ಅಂದ. ನಾನು ಹೂಂ ಎಂದೆ. ಆ ಹೂಂ — ಅದು ಎರಡನೆಯ ಪಾಪ. ಮಾಸ್ತರರು ಬಾಗಿಲಲ್ಲಿ ನಿಂತು "ಮಲ್ಲಪ್ಪಾ" ಎಂದರೆ ಲಾಳಿ ಇನ್ನಷ್ಟು ಜೋರಾಗಿ ಬಡಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಬರಬರುತ್ತ ಬೇರೆ ಓಣಿ ಹಿಡಿದರು.

ಈಗ ಅವರು ಕಾಯಂ ಆಗಿ ಮಗಳ ಊರಿಗೆ ಹೊರಟಿದ್ದಾರೆ. ಇಂದು ಸಂಜೆ ನನ್ನನ್ನು ತಡೆದು ನಿಲ್ಲಿಸಿದರು. "ಬಸೂ, ಎಲ್ಲಾರ ಮನ್ಯಾಗೂ ಅಡ್ಡಾಡತಿ. ಮಲ್ಲಪ್ಪಗ ನಾ ಏನ ಮಾಡೇನೋ? ನಿನಗರೆ ಗೊತ್ತೈತೇನು?"

"ಗೊತ್ತಿಲ್ರಿ" ಎಂದೆ. ಅದನ್ನು ನನ್ನ ಧ್ವನಿಯಲ್ಲೇ ಹೇಳಿದೆ.

ನಾಳೆ ಅವರ ಬಂಡಿ ಹೊರಡುತ್ತದೆ. ಅದಕ್ಕೆ ಮುಂಚೆ ಅವರನ್ನು ಕಾಕಾನ ಮನೆಗೆ ಕರೆದೊಯ್ಯುತ್ತೇನೆ. ಇಷ್ಟು ವರ್ಷ ಶಂಕರನ ಮಾತಿನ ಹಿಂದೆ ಅಡಗಿಕೊಂಡೆ — ಅವನು ಬರಲಿ, ಆಮೇಲೆ ಹೇಳೋಣ ಎಂದು. ಇಬ್ಬರೂ ಕೂಡಿ ಹೇಳಬೇಕಾದ್ದನ್ನು ನಾಳೆ ನಾನೊಬ್ಬನೇ ಹೇಳಿದೆನೆಂದರೆ ಅವನು ಬರುವುದಿಲ್ಲವೆಂದು ಅವನ ತಂದೆಗೆ ಮೊದಲು ಹೇಳಿದವನೂ ನಾನೇ ಆಗುತ್ತೇನೆ. ಕಾಕಾ ಈವರೆಗೆ ಮಗನ ಮಗ್ಗದ ಕುಣಿಯನ್ನು ಮುಚ್ಚಿಸಿಲ್ಲ. ಬೇರೆಯವರನ್ನು ಕೂರಲೂ ಬಿಟ್ಟಿಲ್ಲ. ಬಾಗಿಲಲ್ಲಿ ನಿಂತಲ್ಲ — ಒಳಗೆ ಹೋಗಿ, ಆ ಬರಿದಾದ ಕುಣಿಯ ಅಂಚಿನಲ್ಲಿ ನಿಂತು ಹೇಳಬೇಕು. ಹೇಳಿ, ಕಾಕಾ ತಿರುಗಿ ನನ್ನ ಮುಖ ನೋಡುವವರೆಗೆ ಅಲ್ಲಿಯೇ ನಿಂತಿರಬೇಕು.