ಮತ್ತ್ಯಾರಾದರೂ ನೋಡುತ್ತಿದ್ದೀರಾ?

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ವೈರಣ್ಣ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದ ಕೂಸುಗಳನ್ನು ಮೇಲಿನ ವಾರ್ಡಿನ ಬಾಣಂತಿಯರ ಟಿವಿಗಳಿಗೆ ಮುಟ್ಟಿಸಿದ್ದು ಅವನೇ. ಒಂದೇ ಕ್ಯಾಮೆರಾದ ಚಿತ್ರ, ಕೇಳಿದವರಿಗಷ್ಟೇ ಹಂಚಿಕೆ. ಮಲ್ಟಿಕಾಸ್ಟ್ ಎನ್ನುತ್ತಾರೆ.

ಒಬ್ಬರು ಟಿವಿ ಆರಿಸಿದರೆ, ಚಿತ್ರ ಹಂಚುವ ಸ್ವಿಚ್ಚು ಆ ತಂತಿಯಲ್ಲಿ ‘ಮತ್ತ್ಯಾರಾದರೂ ನೋಡುತ್ತಿದ್ದೀರಾ?’ ಎಂದು ವಿಚಾರಿಸಿ, ಉತ್ತರ ಬರದಿದ್ದರಷ್ಟೇ ಚಿತ್ರ ನಿಲ್ಲಿಸುತ್ತಿತ್ತು. “ತಂತಿಗೊಂದೇ ಟಿವಿ ಇರೋವಾಗ ಈ ಉಪಚಾರ ಯಾಕೆ?” ಎಂದು ವೈರಣ್ಣ ಆ ವಿಚಾರಣೆಯನ್ನೇ ತೆಗೆದುಹಾಕಿದ. ನೆಟ್‌ವರ್ಕ್ ಹಗುರಾಯಿತು, ಆಸ್ಪತ್ರೆಯ ಸಾಹೇಬರು ಬೆನ್ನು ತಟ್ಟಿದರು. ಒಂದೆರಡು ಗಳಿಗೆಯ ಪ್ರಶ್ನೆಯೂ ದುಬಾರಿಯೆನಿಸುವುದು, ಕಾಯುತ್ತಿರುವವರು ನಮ್ಮವರಲ್ಲದಾಗ ಮಾತ್ರ!

ಮರುದಿನ ಮಧ್ಯಾಹ್ನ ಕಿಟಕಿ ಪಕ್ಕದ ಬಾಣಂತಿ ಟಿವಿ ಆರಿಸಿ ಮನೆಗೆ ಹೊರಟಳು. ಆಚೆ ಮಂಚದವಳು ತನ್ನ ಟಿವಿಯಲ್ಲಿ, ಮೂಲೆಯ ಪೆಟ್ಟಿಗೆಯಲ್ಲಿದ್ದ ತನ್ನ ಕೂಸಿನ ಹಳದಿ ಟೋಪಿಯನ್ನೇ ನೋಡುತ್ತಿದ್ದಳು. ಅವಳ ಪರದೆಯೂ ಕಪ್ಪಾಯಿತು. ಮಗು ಹೋಯಿತೆಂದೇ ತಿಳಿದು, ಡ್ರಿಪ್ಪು ಕಿತ್ತೆಸೆದು ಬರಿಗಾಲಲ್ಲಿ ಓಡಿದಳು. ಮೆಟ್ಟಿಲ ಮೇಲೆ ಕುಸಿದಾಗ ಹೊಲಿಗೆ ಬಿಚ್ಚಿ ಬಟ್ಟೆ ರಕ್ತದಲ್ಲಿ ನೆನೆದಿತ್ತು. ಮಗು ಸುಖವಾಗಿ ನಿದ್ದೆ ಮಾಡುತ್ತಿತ್ತು. ಬೈಗುಳ ತಿಂದವಳು ವಾರ್ಡಿನ ಸಿಸ್ಟರ್.

ಹೊಲಿಗೆ ಹಾಕಿಸಿಕೊಂಡು ಬಂದವಳನ್ನು ವೈರಣ್ಣ ಎಲ್ಲರೆದುರೇ ಕೇಳಿದ: “ಯಾವ ಬಟನ್ ಒತ್ತಿದ್ರಮ್ಮಾ?”

“ನಾನೇನೂ ಒತ್ತಿಲ್ಲಣ್ಣಾ...” ಎಂದವಳು ತಡವರಿಸಿದಳು. “ಕೈ ತಾಗಿತ್ತೇನೋ.”

“ನೋಡಿ ಮತ್ತೆ!” ಎಂದು, ತಂತಿಯನ್ನೂ ಒಮ್ಮೆ ನೋಡಿಬಿಡಲು ಏಣಿ ಹತ್ತಿ ಚಾವಣಿಯ ಹಲಗೆ ಸರಿಸಿದ. ಅಲ್ಲಿತ್ತು ಒಂದು ಪುಟ್ಟ ಪೆಟ್ಟಿಗೆ. ಹಿಂದೊಮ್ಮೆ ಇನ್ನೊಂದು ತಂತಿ ಎಳೆಯಲು ಮೈ ಬಗ್ಗದೆ, ಒಂದನ್ನೇ ಎರಡು ಮಂಚಕ್ಕೆ ಸೀಳಿದ್ದ ಪೆಟ್ಟಿಗೆ. ಸುತ್ತಿದ್ದ ಕೆಂಪು ಟೇಪೂ ಅವನ ಕೈಯದೇ. ಕೆಳಗಿಳಿಯಲು ಕಾಲು ಬರಲಿಲ್ಲ.

“ಏನು ವೈರಣ್ಣಾ, ಅಲ್ಲೇ ಮನೆ ಮಾಡ್ತೀಯಾ?” ಎಂದಳು ಸಿಸ್ಟರ್.

ಇಳಿದ. ಲ್ಯಾಪ್‌ಟಾಪಿನಲ್ಲಿ ಆ ಪ್ರಶ್ನೆಯನ್ನು ಮತ್ತೆ ಸೇರಿಸಿದ. ಪರದೆಯಲ್ಲಿ ಹಳದಿ ಟೋಪಿ ಮೂಡಿತು.

“ತಪ್ಪಾಯ್ತಣ್ಣಾ, ಇನ್ಮೇಲೆ ರಿಮೋಟ್ ಮುಟ್ಟಲ್ಲ,” ಎಂದಳು ತಾಯಿ.

ಅದು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. “ನೀವೇನೂ ಮಾಡಿಲ್ಲಮ್ಮಾ. ನಾನೇ ಮಾಡಿದ್ದು.” ಅವಳು ತಿರುಗಿಯೂ ನೋಡಲಿಲ್ಲ. ಕಣ್ಣೆಲ್ಲ ಟೋಪಿಯ ಮೇಲೇ.

ಸಿಸ್ಟರ್ ನೋಡಿದಳು. “ಇಲ್ಲಿ ಹೇಳಿದ್ದು ಸಾಲಲ್ಲ. ನಿನ್ನ ಬೆನ್ನು ತಟ್ಟಿದವರೇ ನನ್ನ ಉಗಿದದ್ದು. ಅವರ ಮುಂದೆ ಬಾ.”

ಏಣಿಯನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಅವಳ ಹಿಂದೆ ನಡೆದ. ಆಯಾ ಮೆಟ್ಟಿಲ ಮೇಲಿನ ಕಲೆ ಒರೆಸುತ್ತಿದ್ದಳು.