ವೀರಮ್ಮ ನೋಡಿದ ನೀರು

ಮುಳ್ಳೂರಿನಲ್ಲಿ ಕೂಸು ಹುಟ್ಟಿತೆಂದರೆ ಎರೆಯಲು ವೀರಮ್ಮನೇ ಬರಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳೆಂದರೆ ಎಂಥ ಹಟಮಾರಿಯೂ ತೆಪ್ಪಗಾಗಬೇಕು. ನೀರಿನ ಹದ ಅವಳೊಬ್ಬಳಿಗೇ ಗೊತ್ತು. ಅದರಲ್ಲಿ ಯಾರಾದರೂ ಮೂಗು ತೂರಿಸಿದರೆ, "ನಿನ್ ಗಂಡುನ್ಗೂ ಎರ್ದವ್ಳು ನಾನೇ ಕಣೇ, ಸುಮ್ಕಿರು" ಎಂದು ಬಾಯಿ ಮುಚ್ಚಿಸುವಳು.

ಈಚೆಗೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು. "ಅಜ್ಜಿ ಕೈಗೆ ಬೆಂಕಿನೂ ಎದರ್ತದೆ" ಎಂದು ಬೀದಿಯವರು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ವೀರಮ್ಮನೂ ಹಿಗ್ಗಿದಳು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ನೆನಪಾದಾಗ ನುಂಗುವಳು.

ಪಕ್ಕದ ಮನೆಯ ಪವಿತ್ರ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ವೀರಮ್ಮ ಬಕೆಟ್ಟಿಗೆ ಕೈ ಅದ್ದಿ ನೋಡಿ, ವಾಡಿಕೆಯಂತೆ ಮೊದಲ ಚೊಂಬನ್ನು ತನ್ನ ಕಾಲಿಗೇ ಸುರಿದುಕೊಂಡಳು.

"ನೀರು ಅದವಾಗದೆ, ಕೊಡು ಕೂಸ" ಎಂದಳು.

ಕೊಡಲು ಬಗ್ಗಿದ ಪವಿತ್ರಳ ಬೆರಳು ಬಕೆಟ್ಟಿನ ನೀರಿಗೆ ತಾಗಿದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಬಂತು. ಉರಿ ಗೊತ್ತಾದದ್ದು ಆಮೇಲೆ.

"ಅಯ್ಯೋ, ಸುಡ್ತಾ ಅದೆ ಕಣಜ್ಜಿ!"

"ಈಗಿನ್ ಕಾಲದ್ ಎಣ್ಮಕ್ಳು, ಬೆಣ್ಣೇಲಿ ಮಾಡ್ದಂಗೆ ಆಡ್ತೀರಿ" ಎಂದು ವೀರಮ್ಮ ರೇಗಿದಳು. ಪವಿತ್ರ ಕೂಸನ್ನು ಎದೆಗೆ ಅವಚಿಕೊಂಡು ನಿಂತಳೇ ಹೊರತು ಕೊಡಲಿಲ್ಲ. ಸಂಜೆಯ ಹೊತ್ತಿಗೆ ವೀರಮ್ಮನ ಕಾಲ ತುಂಬ ಬೊಬ್ಬೆ ಎದ್ದಿದ್ದವು.

ಕೊಳ್ಳೇಗಾಲದಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಸಕ್ಕರೆ ಕಾಯಿಲೆ ಕೈಕಾಲಿನ ನರಗಳನ್ನು ಕೆಡಿಸಿದೆ. ಚರ್ಮ ಸುಟ್ಟ ಸುದ್ದಿ ಬೆನ್ನುಹುರಿಗೂ ಹೋಗುತ್ತಿಲ್ಲ, ಮಿದುಳಿಗೂ ಹೋಗುತ್ತಿಲ್ಲ. ಹೋಗಿದ್ದರೆ ಯೋಚಿಸುವ ಮೊದಲೇ ಕಾಲು ತಾನಾಗಿ ಎಳೆದುಕೊಳ್ಳುತ್ತಿತ್ತು. ವೀರಮ್ಮ ಬೊಬ್ಬೆಯೊಂದನ್ನು ಒತ್ತಿ ನೋಡಿದಳು. ನೋಯಲಿಲ್ಲ. ಆ ನೀರು ಕೂಸಿನ ಮೇಲೆ ಬಿದ್ದಿದ್ದರೆ ಎಂಬುದು ಆಗ ಅವಳಿಗೆ ಹೊಳೆಯಿತು.

ಗಾಯ ಮಾಯ್ದ ಮೇಲೂ ಅವಳು ಆ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಪವಿತ್ರಳೇ ಬಂದಳು.

"ಬಾ ಅಜ್ಜಿ, ನಮ್ಮವ್ವುಂಗೆ ಕೂಸ ಕಾಲ್ ಮೇಲೆ ಆಕ್ಕಳಾಕೇ ಬರಾಕಿಲ್ಲ."

ವೀರಮ್ಮ ಹೋದಳು. ಮಣೆಯ ಮೇಲೆ ಕೂತು ಕಾಲು ಚಾಚಿದಳು. ಅಭ್ಯಾಸಬಲದಿಂದ ಕೈ ಬಕೆಟ್ಟಿನತ್ತ ಹೋಯಿತು. ಅದನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು.

"ನೀರ ನೀನೇ ನೋಡವ್ವ" ಎಂದಳು. "ನಾನು ಸರ್ಯಾಗದೆ ಅಂದ್ರೂ ನಂಬಬ್ಯಾಡ."